ಕೈ ಮೂಳೆ ಮುರಿತ: ಪತ್ತೆ, ಚಿಕಿತ್ಸೆ, ಪುಣೆಯ ನಂಟು

ಒಂದು ಕೈಯಲ್ಲಿ 27 ಮೂಳೆಗಳು: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡೇ ಮೂಳೆ ಎಂಬುದನ್ನು ಮರೆಯಬೇಡಿ. ಲೆಕ್ಕ ತಪ್ಪುವುದು ಅಲ್ಲಿಯೇ.

ಮಣಿಕಟ್ಟಿನ ಎಂಟರಲ್ಲಿ ಅತಿ ಹೆಚ್ಚು ಮುರಿಯುವುದು ಸ್ಕ್ಯಾಫಾಯ್ಡ್. ಬೈಕಿನಿಂದ ಬೀಳುವಾಗ ಅಂಗೈ ಊರಿದರೆ ಪೆಟ್ಟು ಇದಕ್ಕೆ ತಗಲಬಹುದು. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಬುಡದಲ್ಲಿ ಒಂದು ಗುಳಿ ಕಾಣುತ್ತದಲ್ಲ, ಅದನ್ನು ಒತ್ತಿದಾಗ ನೋವಾದರೆ ಮುರಿತವೆಂದು ಅನುಮಾನಿಸಬೇಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಹಾಗೆಂದು ಉಳುಕು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವುದು ಅಪಾಯ. ಕೈ ಅಲ್ಲಾಡದಂತೆ ಕಟ್ಟಿ, 10–14 ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು.

ಬೆರಳಿಗೆ ಪೆಟ್ಟಾದರೆ ಮೆಲ್ಲಗೆ ಮುಷ್ಟಿ ಕಟ್ಟಿಸಿ ನೋಡುತ್ತಾರೆ. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ ಮೂಳೆ ತಿರುಚಿದೆ ಎಂದರ್ಥ. ಜರುಗದ ಮುರಿತಕ್ಕೆ ಪಕ್ಕದ ಬೆರಳಿನ ಜೊತೆ ಕಟ್ಟಿದರೆ ಸಾಕಾಗಬಹುದು. ಜರುಗಿ ನಿಲ್ಲದಿದ್ದರೆ ಕಿರ್ಷ್ನರ್ ತಂತಿ (ಮೂಳೆ ಹಿಡಿದಿಡುವ ಲೋಹದ ತಂತಿ), ಪ್ಲೇಟು ಇಲ್ಲವೇ ಸ್ಕ್ರೂ ಹಾಕುತ್ತಾರೆ. ಗುದ್ದಿದಾಗ ಕಿರುಬೆರಳ ಬುಡದ ಅಂಗೈಮೂಳೆಯ ಕತ್ತು ಮುರಿಯುವುದೇ ಬಾಕ್ಸರ್ ಮುರಿತ.

ಮುರಿತ ತೋರಿಸುವ ಎಕ್ಸ್‌ರೇಯ ಕಥೆ ಶುರುವಾದದ್ದೂ ಕೈಯಿಂದಲೇ. 1895: ಎಕ್ಸ್‌ರೇ ಕಂಡುಹಿಡಿದ ಭೌತವಿಜ್ಞಾನಿ ರಾಂಟ್‌ಜನ್ ಪತ್ನಿಯ ಕೈಯ ಎಕ್ಸ್‌ರೇ ತೆಗೆದರು. 1901: ಭೌತಶಾಸ್ತ್ರದ ಮೊದಲ ನೊಬೆಲ್ ಅವರಿಗೆ.

ಚಿಕಿತ್ಸೆಯಲ್ಲಿ ಪುಣೆಯ ನಂಟು: ಸಸೂನ್ ಆಸ್ಪತ್ರೆ ಶುರುವಾದದ್ದು 1867ರಲ್ಲಿ, ಸೇನೆಯ ಕೃತಕ ಅಂಗ ಕೇಂದ್ರ 1944ರಲ್ಲಿ. ಇಲ್ಲಿನ ಮೂಳೆತಜ್ಞ ಡಾ. ಕೆ. ಎಚ್. ಸಂಚೇತಿ ಅವರಿಗೆ ಪದ್ಮಶ್ರೀ 1991, ಪದ್ಮಭೂಷಣ 2003, ಪದ್ಮವಿಭೂಷಣ 2012.