ನುಂಗಲಾರದ ರೋಗಿಗೆ ನುಂಗುವ ಔಷಧ

ಮಳೆಗಾಲ ಕಾಲಿಟ್ಟೊಡನೆ ಪವಾಯಿಯ ಮನೆಮನೆಗಳಲ್ಲಿ ಕೆಮ್ಮು, ನೆಗಡಿ, ಜ್ವರಗಳ ಸದ್ದು ಕೇಳಿಬರುವುದು ಮುಂಬಯಿಯಲ್ಲಿ ನೆಲೆಸಿದ ನಮಗೆ ಹೊಸತಲ್ಲ. ಬಹುಮಂದಿಗೆ ಫ್ಲೂ ಒಂದು ವಾರದ ಉಪದ್ರವ. ಆದರೆ ವೃದ್ಧರು, ಗರ್ಭಿಣಿಯರು, ಮಧುಮೇಹಿಗಳಲ್ಲಿ ಅದು ಒಮ್ಮೊಮ್ಮೆ ಶ್ವಾಸಕೋಶಕ್ಕಿಳಿದು, ಕೃತಕ ಉಸಿರಾಟದ ಯಂತ್ರದವರೆಗೂ ಒಯ್ಯುತ್ತದೆ. 2009ರ ಹಂದಿಜ್ವರದ ಕಾಲದಲ್ಲಿ ಚಿಂಚಪೋಕಳಿಯ ಕಸ್ತೂರಬಾ ಆಸ್ಪತ್ರೆಯ ಮುಂದಿದ್ದ ಸಾಲುಗಳನ್ನು ಹಲವರು ಮರೆತಿರಲಾರರು.

ಆಗ ಎಲ್ಲರ ಬಾಯಲ್ಲಿದ್ದ ಹೆಸರು ಟ್ಯಾಮಿಫ್ಲೂ, ಅರ್ಥಾತ್ ಒಸೆಲ್ಟಾಮಿವಿರ್. ಜ್ವರ ಬಂದ 48 ಗಂಟೆಗಳೊಳಗೆ ಆರಂಭಿಸಿದರೆ ಇದರ ಗುಣ ಹೆಚ್ಚು. ರೋಗ ಉಲ್ಬಣಿಸಿದವರಿಗೆ ತಡವಾದರೂ ಕೊಡುವುದುಂಟು. ಆದರೆ ಇದು ನುಂಗುವ ಔಷಧ. ಯಂತ್ರಕ್ಕೆ ಜೋಡಿಸಲ್ಪಟ್ಟು ಎಚ್ಚರವಿಲ್ಲದೆ ಮಲಗಿದವರು ನುಂಗುವುದೆಂತು? ಔಷಧವನ್ನು ನೀರಿನಲ್ಲಿ ಕದಡಿ, ಮೂಗಿನಿಂದ ಜಠರಕ್ಕೆ ಇಳಿಸಿದ ನಳಿಕೆಯ ಮೂಲಕ ಕೊಡುತ್ತಾರೆ. ಅದು ಮೈಗೆ ಹತ್ತೀತೇ ಎಂಬುದೇ ಹೊರಗೆ ಕುಳಿತ ಬಂಧುಗಳ ಚಿಂತೆ.

ಈ ಚಿಂತೆ ಅಕಾರಣವಲ್ಲ. ರಕ್ತದೊತ್ತಡ ಕುಸಿದಾಗ ಶರೀರವು ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಕರುಳಿನ ರಕ್ತವನ್ನು ಕಡಿತಗೊಳಿಸುತ್ತದೆ. ನೋವು ಶಮನಕ್ಕೆ ಕೊಡುವ ಮದ್ದುಗಳಿಂದ ಜಠರದ ಚಲನೆಯೂ ಮಂದವಾಗುತ್ತದೆ. ಸಾಲದುದಕ್ಕೆ, ಒಸೆಲ್ಟಾಮಿವಿರ್ ನುಂಗಿದ ರೂಪದಲ್ಲಿಯೇ ಕೆಲಸ ಮಾಡದು. ಕರುಳು ಹೀರಿದ ಮೇಲೆ ಯಕೃತ್ತಿನ ಕಿಣ್ವಗಳು ಅದನ್ನು ಕಾರ್ಬಾಕ್ಸಿಲೇಟ್ ಎಂಬ ರೂಪಕ್ಕೆ ಮಾರ್ಪಡಿಸಬೇಕು. ಆರೋಗ್ಯವಂತರಲ್ಲಿ ಮುಕ್ಕಾಲು ಪಾಲಾದರೂ ಹೀಗೆ ರಕ್ತ ಸೇರುತ್ತದೆ.

ಕೆನಡಾ ಮತ್ತು ಸ್ಪೇನಿನ ವೈದ್ಯರು ತೀವ್ರ ನಿಗಾ ಘಟಕಗಳ 41 ರೋಗಿಗಳ ರಕ್ತವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿ ಸಮಾಧಾನಕರವಾಗಿದೆ. ನಳಿಕೆಯ ಮೂಲಕ ದಿನಕ್ಕೆರಡು ಬಾರಿ ಕೊಟ್ಟ 75 ಮಿಲಿಗ್ರಾಂ ಔಷಧವು ನಡೆದಾಡುವ ರೋಗಿಗಳಲ್ಲಿ ಕಾಣುವಷ್ಟೇ ಪ್ರಮಾಣದಲ್ಲಿ ರಕ್ತವನ್ನು ಸೇರಿತ್ತು. ಇಮ್ಮಡಿ ಕೊಟ್ಟರೆ ಇನ್ನೂ ಲೇಸಲ್ಲವೇ ಎಂದು ಕೇಳುವವರುಂಟು. ಆಗ್ನೇಯ ಏಷ್ಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಮ್ಮಡಿ ಪ್ರಮಾಣದಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಕರುಳಿನ ಚಲನೆಯೇ ನಿಂತಾಗ ಅಥವಾ ಜಠರದಲ್ಲಿ ರಕ್ತಸ್ರಾವವಾದಾಗ ಮಾತ್ರ ನಳಿಕೆಯನ್ನು ನೆಚ್ಚುವಂತಿಲ್ಲ. ಅಂಥವರಿಗೆ ರಕ್ತನಾಳದ ಮೂಲಕ ಕೊಡುವ ಪೆರಾಮಿವಿರ್ ಎಂಬ ಬೇರೊಂದು ಔಷಧವಿದೆ.

ನನ್ನ ದೃಷ್ಟಿಯಲ್ಲಿ ಬಂಧುಗಳು ಹೆಚ್ಚು ಗಮನವೀಯಬೇಕಾದುದು ಕರುಳಿಗಲ್ಲ, ಮೂತ್ರಪಿಂಡಗಳಿಗೆ. ಔಷಧವು ಶರೀರದಿಂದ ಹೊರಹೋಗುವ ದಾರಿ ಅದೇ. ಮೂತ್ರಪಿಂಡ ಸೋತಿದ್ದರೆ ಔಷಧ ರಕ್ತದಲ್ಲಿ ಶೇಖರವಾಗುವುದರಿಂದ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರ ಹಳೆಯ ಕಾಯಿಲೆಗಳ ವಿವರ ಇಲ್ಲಿನ ಆಸ್ಪತ್ರೆಗೆ ತಿಳಿದಿರುವುದಿಲ್ಲ. ಅವರ ರಕ್ತಪರೀಕ್ಷೆಯ ಚೀಟಿಗಳನ್ನೂ ನಿತ್ಯ ಸೇವಿಸುವ ಮಾತ್ರೆಗಳನ್ನೂ ದಾಖಲಾಗುವಾಗಲೇ ವೈದ್ಯರ ಕೈಗೆ ಕೊಡತಕ್ಕದ್ದು.