ಜ್ವರವಿಲ್ಲದಿದ್ದರೂ ಸೆಪ್ಸಿಸ್ ಇರಬಹುದು

ತಂಗಿಯ ಕೂಸಿಗೆ ಜ್ವರವೇ ಇರಲಿಲ್ಲ, ಆದರೂ ಡಾಕ್ಟರು ಸೆಪ್ಸಿಸ್ ಅಂದರಲ್ಲ ಎಂದು ಕೇಳಿದ್ದೀರಿ. ಸೋಂಕಿನ ಎದುರು ಹೋರಾಡುವ ದೇಹವೇ ದಿಕ್ಕೆಟ್ಟು ತನ್ನ ಅಂಗಾಂಗಗಳಿಗೆ ಹಾನಿ ಮಾಡಿಕೊಳ್ಳುವ ಸ್ಥಿತಿ ಅದು. ಎಳೆಗೂಸುಗಳಲ್ಲಿ ಎಷ್ಟೋ ಸಲ ಮೈ ಕಾಯುವ ಬದಲು ತಣ್ಣಗಾಗುತ್ತದೆ.

ಬಾಣಂತಿ ಪಥ್ಯ ತಪ್ಪಿದ್ದಕ್ಕೇ ಹೀಗಾಯಿತು ಎಂಬ ಮಾತನ್ನು ಮನೆಯಲ್ಲಿ ದಯವಿಟ್ಟು ನಿಲ್ಲಿಸಿ. ಲ್ಯಾನ್ಸೆಟ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2017ರಲ್ಲಿ ಐದು ವರ್ಷದೊಳಗಿನ ಸುಮಾರು 2 ಕೋಟಿ ಮಕ್ಕಳಿಗೆ ಸೆಪ್ಸಿಸ್ ಆಯಿತು. 29 ಲಕ್ಷ ಮಕ್ಕಳು ತೀರಿಕೊಂಡರು. ಬಹುಪಾಲು ನಮ್ಮಂಥ ದೇಶಗಳ ಮಕ್ಕಳೇ. ಇವರೆಲ್ಲರ ತಾಯಂದಿರು ಪಥ್ಯ ತಪ್ಪಿದ್ದರೇ? ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳಿಗೆ ಅಪಾಯ ಹೆಚ್ಚು. ನಿಮ್ಮ ತಂಗಿಯ ಮಗು ಎಂಟು ತಿಂಗಳಿಗೇ ಹುಟ್ಟಿದ್ದಲ್ಲವೇ?

ಮನೆಗೆ ಕರೆತಂದ ಮೇಲೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಜೇನುತುಪ್ಪವೂ ಬೇಡ. ಹೊಕ್ಕುಳಿಗೆ ಎಣ್ಣೆ, ಬೂದಿ ಹಚ್ಚಬೇಡಿ. ಮಗು ಹಾಲು ಚೀಪುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಬಜೆ ತೇಯುತ್ತಾ ಕೂರದೆ ಆಗಲೇ 108ಕ್ಕೆ ಫೋನ್ ಮಾಡಿ, ನಡುರಾತ್ರಿಯಾದರೂ ಸರಿ. ದಾರಿಯಲ್ಲಿ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅವುಚಿಸಿ, ತಲೆಗೆ ಟೋಪಿ ಹಾಕಿ, ಮೇಲೆ ಹೊದಿಸಿ.