ತೋಳು ನೋವಿನ ಮಾತು
ಆನವಟ್ಟಿ ಸೀಮೆಗೆ ಲಸಿಕೆಯ ಅಂಜಿಕೆ ಕೊರೊನಾದೊಂದಿಗೆ ಬಂದದ್ದಲ್ಲ. 1957ರಲ್ಲಿ ಮಂಗನ ಕಾಯಿಲೆಯ ವೈರಾಣು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದರ ಹಳೆ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು ಇರುತ್ತಿದ್ದವು. ಚುಚ್ಚಿದ ಜಾಗದ ನೋವಿಗೆ ಹೆದರಿ ಎಷ್ಟೋ ಜನ ಮುಂದಿನ ಡೋಸಿಗೆ ಹೋಗಲಿಲ್ಲ. 2021ರ ಜನವರಿ 16ರಂದು ದೇಶದಾದ್ಯಂತ ಕೊರೊನಾ ಲಸಿಕೆ ಶುರುವಾದಾಗಲೂ ಅದೇ ಹಿಂಜರಿಕೆ. ತೋಳು ನೋವು, ಒಂದೆರಡು ದಿನದ ಜ್ವರ ಸುಳ್ಳಲ್ಲ. ಅದನ್ನು ಮುಚ್ಚಿಡದೆ ಮೊದಲೇ ಬಿಡಿಸಿ ಹೇಳುವುದೇ ಭಯಕ್ಕೆ ಮದ್ದು.

‘ಹಾಗಾದರೆ ಮಂಗನ ಕಾಯಿಲೆಯ ಹಳೆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದೇಕೆ?’ ಎನ್ನಬಹುದು. ನ್ಯಾಯವಾದ ಪ್ರಶ್ನೆ. ನಿಲ್ಲಿಸಿದ್ದು ಅದರ ಪರಿಣಾಮ ಸಾಲದೆಂದು, ತೋಳು ನೋಯುತ್ತದೆಂದಲ್ಲ. ಯಾವ ಲಸಿಕೆಯೇ ಇರಲಿ, ಏನೇನಾಗಬಹುದೆಂದು ಕೇಳಿಯೇ ತೋಳು ಒಡ್ಡಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ತಕ್ಷಣ ಹೇಳಿ.